ಹಿಮಾಲಯವೂ ಪ್ಯಾಸೆಂಜರ್ ಗಾಡಿಯ ಬಾಕೂ

ನಿಮ್ಮ ದೇಶದಲ್ಲಿ ನಿಮಗೆ ಎಲ್ಲಕ್ಕಿಂತ ಪ್ರಿಯವಾದದ್ದು ಯಾವುದು ಎಂದು ಯಾರಾದರೂ ಕೇಳಿದರೆ ನಮ್ಮ ಬಾಯಿಂದ ಮೊದಲು ಹೊರಬೀಳುವುದು ಹಿಮಾಲಯ. ಅದರ ಹಿಂದೆಯೇ ಗಂಗೆ ಹರಿದು ಬರುತ್ತಾಳೆ. ಅವಳ ಹಿಂದೆ ಸಾವಿರಾರು ವರ್ಷದ ಸಂಸ್ಕೃತಿ. ಕೇಳಿದವರು ಗಂಭೀರವಾಗಿ ತಲೆಯಾಡಿಸುತ್ತಾರೆ. ಏಕೆಂದರೆ ಸಣ್ಣವರಿದ್ದಾಗ ಸಾಲೆಯಲ್ಲಿ ಅವರೂ ಅದೇ ನಿಬಂಧ ಬರೆದು, ಅದೇ ಮಾಸ್ತರರ ಕೈಯಿಂದ ‘ಛಲೋ’ ಎಂದು ಕೆಂಪು ಶಾಯಿಯಲ್ಲಿ ಬರೆಸಿಕೊಂಡಿರುತ್ತಾರೆ. ನಾನು ಹಿಮಾಲಯವನ್ನು ನೋಡಿಲ್ಲ. ಉತ್ತರ ದಿಕ್ಕಿನಲ್ಲಿ ನಾನು ಹೋಗಿರುವ ಕಟ್ಟಕಡೆಯ ಊರು ಮಿರಜ್. ಅದೂ ಸೋದರಮಾವನ ಹೊಟ್ಟೆಯ ಆಪರೇಷನ್ ಮಾಡಿಸಲಿಕ್ಕೆ. ಅಲ್ಲಿಂದ ಹಿಮಾಲಯ ಕಾಣುವುದಿಲ್ಲ, ಆಸ್ಪತ್ರೆಯ ಗಚ್ಚಿಯ ಮೇಲೆ ಹತ್ತಿ ನಿಂತರೂ. ಆದರೂ ಒಂದು ಕಾಲದಲ್ಲಿ ನಾನು ಹಿಮಾಲಯದ ಮೇಲೆ ಎಷ್ಟು ಪ್ರೀತಿ ಇಟ್ಟಿದ್ದೆನೆಂದರೆ, ಅದನ್ನು ಕಳೆದುಕೊಳ್ಳುವ ಪ್ರಸಂಗ ಬಂದಾಗ ನನಗೆ ಮೈಯೆಲ್ಲ ಬೆವರು ಒಡೆದಿತ್ತು.

ನಾನು ಬಿ.ಎ. ಈ ಸಂಗತಿಯನ್ನು ನೀವು ಕೇಳಲಿಲ್ಲವೆಂಬುದು ನನಗೆ ಗೊತ್ತು. ಕೇಳುವ ಮೊದಲೇ ಹೇಳುವುದು ನನಗೆ ರೂಢಿಯಾಗಿಬಿಟ್ಟಿದೆ, ಕ್ಷಮಿಸಬೇಕು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ನಾಲ್ಕನೆಯ ಇಯತ್ತೆಯ ಹೊಸ್ತಿಲು ದಾಟಿರಲಿಲ್ಲ. ಅಪ್ಪ ಖಾನಾಪುರದ ಹೆಂಚಿನ ಭಟ್ಟಿಯಲ್ಲಿ ಹಸಿ ಹೆಂಚು ಹೊರುತ್ತಿದ್ದ. ಅಂಗೈ ಸದಾ ಕೆಮ್ಮಣ್ಣಿನ ಬಣ್ಣ; ಹೆಬ್ಬೆಟ್ಟು ಒತ್ತಬೇಕಾದಾಗ ನಿನಗೆ ಶಾಯಿ ಯಾಕೆ ಬೇಕೋ ಎಂದು ಜೊತೆಯವರು ಅವನನ್ನು ಚಾಷ್ಟಿ ಮಾಡುತ್ತಿದ್ದರಂತೆ. ಅಂಥ ಮನೆಯಲ್ಲಿ ನನ್ನ ಬಿ.ಎ. ಸರ್ಟಿಫಿಕೇಟು ಬಂದಾಗ ಅಪ್ಪ ಅದಕ್ಕೆ ಕಟ್ಟು ಹಾಕಿಸಿ ದೇವರ ಫೋಟೋಗಳ ಸಾಲಿನಲ್ಲಿ ತೂಗಹಾಕಿದ. ಅವ್ವ ಉಳಿದ ದೇವರಿಗೆ ಕುಂಕುಮ ಹಚ್ಚುತ್ತ ಹೋಗುವ ಭರದಲ್ಲಿ ಅದಕ್ಕೂ ಹಚ್ಚಿಬಿಡುತ್ತಿದ್ದಳು. ಕುಲಪತಿಗಳ ಸಹಿ ಇರುವ ಜಾಗದಲ್ಲಿ ಗಾಜಿನ ಮೇಲೆ ಕುಂಕುಮ ದಪ್ಪಗೆ ಕೂತಿತ್ತು. ಯಾರಾದರೂ ಬಂದು ‘ಇದ್ಯಾವ ದೇವರ್ರೀ?’ ಎಂದರೆ ಅವ್ವ, ‘ನಮ್ಮ ಹುಡುಗಂದು ಬಿಯ್ಯೆ’ ಅನ್ನುತ್ತಿದ್ದಳು, ಬೇರೆ ದೇವರಿಗೆ ಕೇಳಿಸೀತೆಂಬಂತೆ ಮೆಲ್ಲಗೆ.

ಈ ದೇವರನ್ನು ನಂಬದ ನಾಸ್ತಿಕರು ನಮ್ಮ ಗಲ್ಲಿಯಲ್ಲಿ ಒಬ್ಬರಿದ್ದರು. ಬಾಜೂ ಮನೆಯ ದತ್ತೋಬಾ ಕಾಕಾ. ಬೆಳಗಾವಿಯ ಒಂದು ಕಟ್ಟಿಗೆ ಅಡ್ಡೆಯಲ್ಲಿ ಕೆಲಸ. ಮನೆಯಲ್ಲಿ ಮರಾಠಿ, ಪ್ಯಾಟಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನನಗೆ ಬೆಳಗಾವಿಯ ಕ್ಯಾಂಪಿನಲ್ಲಿದ್ದ ಒಂದು ಸರಕಾರಿ ಕಚೇರಿಯಲ್ಲಿ ನೌಕರಿ ಸಿಕ್ಕ ಮೇಲೆ ನಾವಿಬ್ಬರೂ ದಿನಾಲೂ ಮುಂಜಾನೆಯ ಪ್ಯಾಸೆಂಜರಿಗೆ ಹೋಗುವವರಾದೆವು. ಅದೇ ಅವರಿಗೆ ಆಯುಧವಾಯಿತು. ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಅಪ್ಪನಿಗೆ ಅನ್ನುತ್ತಿದ್ದರು: “ಬಾಳಪ್ಪಾ, ನಿನ್ನ ಮಗ ಬಿಯ್ಯೆ ಆಗ್ಯಾನ ಖರೇ. ಆದ್ರ ಗಾಡ್ಯಾಗ ನನ್ನ ಬಾಜುಕ ನಿಂತಽ ಬರ್ತಾನಲ್ಲೋ! ಮ್ಯಾಟ್ರಿಕ್ ಫೇಲ್ ಆದ ನನಗೂ ನಿಂದರೂ ಜಾಗಾ, ಬಿಯ್ಯೆ ಆದ ಅವಗೂ ನಿಂದರೂ ಜಾಗಾ. ಮತ್ತ ಇಷ್ಟ ವರ್ಷ ಓದಿ ಆದದ್ದೇನು ಕಾಯ್?”

ಚಾಷ್ಟಿಯಾಗಿದ್ದರೆ ಚಾಷ್ಟಿಯೆಂದು ಬಿಡಬಹುದಿತ್ತು. ಆದರೆ ದತ್ತೋಬಾ ಕಾಕಾರ ಮಗಳು ಸುನಂದಾ ಆ ವರ್ಷ ಮ್ಯಾಟ್ರಿಕ್ಕಿನಲ್ಲಿದ್ದಳು. ಶಾಣ್ಯಾ ಹುಡುಗಿ. ಬೆಳಗಾವಿಯ ಕಾಲೇಜಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಳು. ಕಾಕಾ ಬೇಡವೆನ್ನಲೂ ಇಲ್ಲ, ಹೂಂ ಅನ್ನಲೂ ಇಲ್ಲ. “ನಮ್ಮ ಗಲ್ಲ್ಯಾಗ ಒಂದು ಸ್ಯಾಂಪಲ್ ಐತಲ್ಲ, ಅದರ ಗುಣಾ ನೋಡೂಣು, ಆಮ್ಯಾಲ ವಿಚಾರ ಮಾಡೂಣು” ಎಂದಿದ್ದರು. ಸ್ಯಾಂಪಲ್ ಅಂದರೆ ನಾನು. ಆ ಹುಡುಗಿ ನನ್ನನ್ನು ಕಂಡಾಗಲೆಲ್ಲ ಪರೀಕ್ಷೆಯ ನಂಬರು ನೋಡುವವರಂತೆ ಆತಂಕದಿಂದ ನೋಡುತ್ತಿದ್ದಳು. ಅವಳೆದುರು ನಾನು ಸೀನಲಿಕ್ಕೂ ಹೆದರುತ್ತಿದ್ದೆ.

ಈಗ ಆ ಗಾಡಿಯ ಬಗ್ಗೆ ಎರಡು ಮಾತು. ಎಪ್ಪತ್ತರ ದಶಕದ ಕೊನೆಯ ದಿನಗಳವು. ಲೋಂಡಾದಿಂದ ಕಾಡಿನೊಳಗೆ ಉಸಿರು ಬಿಡುತ್ತ ಬರುವ ಆ ಉಗಿಬಂಡಿ ಖಾನಾಪುರ ಮುಟ್ಟುವ ಹೊತ್ತಿಗೆ ತುಂಬಿಯೇ ಇರುತ್ತಿತ್ತು. ನಾವು ಹತ್ತುತ್ತಿದ್ದೆವು. ಮತ್ತೆ ಇದಲಹೊಂಡದಲ್ಲಿ ಹತ್ತುತ್ತಿದ್ದರು, ದೇಸೂರಿನಲ್ಲಿ ಹತ್ತುತ್ತಿದ್ದರು. ಇಳಿಯುವವರು ಯಾರೂ ಇಲ್ಲ, ಎಲ್ಲರೂ ಬೆಳಗಾವಿಗೇ. ಹೀಗಿದ್ದರೂ ಯಾರೂ ಪ್ಲಾಟ್‌ಫಾರ್ಮಿನ ಮೇಲೆ ಉಳಿದದ್ದನ್ನು ನಾನು ಕಂಡಿಲ್ಲ. ಅದಕ್ಕೆ ಕಾರಣ ಒಂದೇ ಶಬ್ದ. ನಾಲ್ಕು ಜನರಿಗೆಂದು ರೇಲ್ವೆಯವರು ಮಾಡಿಸಿದ ಕಟ್ಟಿಗೆಯ ಬಾಕಿನ ಮುಂದೆ ಬಂದು ನಿಂತು, “ಸ್ವಲ್ಪ ಸರೀರಿ” ಅಂದರಾಯಿತು. “ಸರ್ಕಾ” ಅಂದರೂ ನಡೆಯಿತು, “ಸರ್ಕೋ ಭಾಯಿ” ಅಂದರೂ ನಡೆಯಿತು. ಕೂತವರು ತಲೆಯೆತ್ತಿ ಯಾರೆಂದು ನೋಡುವುದಿಲ್ಲ. ಮಾತು ನಿಲ್ಲಿಸುವುದಿಲ್ಲ. ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸುವುದಿಲ್ಲ. ಸೊಂಟ ತಾನಾಗಿ ಸರಿಯುತ್ತದೆ. ನಾಲ್ವರ ಬಾಕು ಐವರದಾಗುತ್ತದೆ, ಆಮೇಲೆ ಆರು, ಆಮೇಲೆ ಎಣಿಸುವುದನ್ನು ಬಿಡಬೇಕು. ಕೊನೆಗೆ ಬಂದವನಿಗೆ ಸಿಗುವುದು ಬಾಕಿನ ಅಂಚಲ್ಲ, ಬಾಕಿನ ಅಂಚಿನ ಆಶ್ವಾಸನೆ. ಆದರೂ ಆತ ಕೂತಿದ್ದೇನೆ ಅನ್ನುತ್ತಾನೆ, ಉಳಿದವರು ಕೂತಿದ್ದಾನೆ ಅನ್ನುತ್ತಾರೆ.

ನನಗೆ ಈ ಶಬ್ದವನ್ನು ಕಂಡರೆ ಆಗುತ್ತಿರಲಿಲ್ಲ. ಬಿ.ಎ. ಆದ ಮೇಲೆ ನಾನು ಕಾಲ ಬುಡದಲ್ಲಿ ಅಗಲ ಪಾಯಚದ ಟೆರಿಲೀನ್ ಪ್ಯಾಂಟು ಹೊಲಿಸಿದ್ದೆ. ಅದರ ಇಸ್ತ್ರಿಯ ಗೆರೆ ಕತ್ತಿಯ ಅಂಚಿನಂತಿರಬೇಕೆಂದು ನನ್ನ ಹಟ. ಎರಡು ಬಾರಿ ಸರಿದರೆ ಗೆರೆ ಹೋಗುತ್ತದೆ, ಮೂರನೆಯ ಬಾರಿಗೆ ಪ್ಯಾಂಟು ಯಾರೋ ಮಲಗಿ ಎದ್ದ ಚಾದರದಂತಾಗುತ್ತದೆ. ಅದಕ್ಕಾಗಿ ಜಾಗ ಸಿಕ್ಕರೂ ನಾನು ನಿಂತೇ ಹೋಗುತ್ತಿದ್ದೆ. ದತ್ತೋಬಾ ಕಾಕಾ ಅದನ್ನು ಬಿ.ಎ.ಯ ಸೋಲೆಂದು ತಿಳಿದರು. ಇಸ್ತ್ರಿಯ ಸಲುವಾಗಿ ನಿಂತಿದ್ದೇನೆಂದು ನಾನು ಹೇಳಿದ್ದರೆ ಸುನಂದಾಳ ಕಾಲೇಜು ಅಂದೇ ಮುಗಿಯುತ್ತಿತ್ತು.

ಹೀಗಿರುವಾಗ ನಮ್ಮ ಕಚೇರಿಯ ಸಾಹೇಬರು ಒಂದು ಸುತ್ತೋಲೆ ಹೊರಡಿಸಿದರು. ಅವರು ಮೈಸೂರು ಕಡೆಯವರು, ಶಿಸ್ತಿನ ಮನುಷ್ಯ. ಬೆಳಗಾವಿಯ ಮಳೆಯೂ ಸಮಯ ಕೇಳಿ ಬರಬೇಕೆಂಬ ಸ್ವಭಾವ. ಆಗಸ್ಟ್ ಹದಿನೈದರಂದು ಧ್ವಜವಂದನೆ ಆದ ಮೇಲೆ ಸಿಬ್ಬಂದಿಯಲ್ಲೊಬ್ಬರು ‘ನನ್ನ ದೇಶದಲ್ಲಿ ನನಗೆ ಅತಿ ಪ್ರಿಯವಾದದ್ದು’ ಎಂಬ ವಿಷಯ ಕುರಿತು ಮಾತಾಡಬೇಕು ಎಂದಿತ್ತು. ಸುತ್ತೋಲೆ ಟೇಬಲ್ಲಿನಿಂದ ಟೇಬಲ್ಲಿಗೆ ಬಿಸಿ ಕೆಂಡದಂತೆ ಜಿಗಿದು ನನ್ನ ಮುಂದೆ ಬಂದು ಬಿತ್ತು. “ನೀವು ಬಿಯ್ಯೆ ಅದೀರಿ, ನಿಮ್ಮ ಬಾಯಾಗಽ ಹೇಳ್ತಿರ್ತೀರಿ” ಎಂದರು ಹೆಡ್‌ಕ್ಲಾರ್ಕು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಆಗಬೇಕಾದರೆ ಸಾಹೇಬರ ಮನಸ್ಸಾಗಬೇಕು. ಒಪ್ಪಿಕೊಂಡೆ. ಖರೇ ಹೇಳಬೇಕೆಂದರೆ ಒಳಗೊಳಗೆ ಕುಣಿದೆ.

ಭಾಷಣ ಸಿದ್ಧಪಡಿಸುವ ಮೊದಲು ನಾಲ್ಕು ಜನರ ಅಭಿಪ್ರಾಯ ಕೇಳಬೇಕೆಂದು ಪ್ರಾಧ್ಯಾಪಕರು ಕಲಿಸಿದ್ದರು. ಮೊದಲು ನಮ್ಮ ಕಚೇರಿಯ ದಫೇದಾರ ಇಮಾಮಸಾಬರನ್ನು ಕೇಳಿದೆ. ಅವರೂ ಅದೇ ಗಾಡಿಗೆ ದೇಸೂರಿನಿಂದ ಬರುವವರು. ಕೈಯಲ್ಲಿದ್ದ ಚಹದ ಬಸಿಯನ್ನು ನೋಡುತ್ತ ಅಂದರು: “ಒಂದು ಚಾ ಹೇಳಿ ಇಬ್ಬರು ಕುಡೀಬಹುದಲ್ಲ ಸಾಬ್, ಅದು. ನಮ್ಮ ಮಾಮೂನ ಮಗಾ ಕುವೇತದಾಗ ಇದ್ದ ಬಂದ. ಅಲ್ಲಿ ಎಲ್ಲಾ ಐತಂತ. ಎಸಿ ಐತಿ, ಕಾರ ಐತಿ. ಆದ್ರ ಅರ್ಧಾ ಚಾ ಕೇಳಿದ್ರ ಹೋಟೆಲದಾಂವ ಡಾಕ್ಟರ್ ಕಡೆ ಹೋಗು ಅಂದ್ನಂತ. ಬಸ್ಸಿನ್ಯಾಗ ಬಾಜುಕ ಕುಂತಾಂವಗ ಯಾವೂರು ಅಂತ ಕೇಳಿದ್ರ ಅಂವ ಎದ್ದ ಬ್ಯಾರೆ ಕಡೆ ಹೋಗಿ ಕುಂತ್ನಂತ! ಪಾಪ, ಊರಿಗೆ ಬಂದಾಂವ ಮೊದಲ ನಮ್ಮ ಪ್ಯಾಸೆಂಜರ್ ಹತ್ತಿ ಎಲ್ಲಾರ್ನೂ ಯಾವೂರು ಯಾವೂರು ಅಂತ ಕೇಳಕೋತ ಲೋಂಡಾತನಕ ಹೋಗಿ ಬಂದಾ.” ಇದು ಭಾಷಣಕ್ಕೆ ಬರುವ ಮಾತಲ್ಲವೆಂದು ನಾನು ಬಿಟ್ಟುಬಿಟ್ಟೆ. ಅವ್ವನನ್ನು ಕೇಳಿದೆ. ಅವಳು ರೊಟ್ಟಿ ಬಡಿಯುತ್ತ, “ಸಕ್ರಿ ತೀರಿದ್ರ ಬಾಜೂ ಮನ್ಯಾಗ ಬಟ್ಟಲಾ ಒಯ್ದು ನಿಂತ್ರ ಯಾಕಂತ ಕೇಳಂಗಿಲ್ಲಲ್ಲೋ, ಅದಕ್ಕಿಂತ ಮತ್ತೇನ ಬೇಕು” ಎಂದಳು. ಅದನ್ನೂ ಬಿಟ್ಟೆ. ಸಾಹೇಬರೆದುರು ಸಕ್ಕರೆ ಬಟ್ಟಲು ಹಿಡಿದು ನಿಲ್ಲುವುದು ಹೇಗೆ? ಕೊನೆಗೆ ಅಭಿಪ್ರಾಯಗಳ ಗೊಡವೆ ಬೇಡವೆಂದು ಹಿಮಾಲಯವನ್ನೇ ಹತ್ತಿದೆ.

‘ಧವಳಗಿರಿಶಿಖರಗಳ ಕಿರೀಟವನ್ನು ಧರಿಸಿ, ಸಾಗರತ್ರಯಗಳಿಂದ ಪಾದ ತೊಳೆಸಿಕೊಳ್ಳುತ್ತಿರುವ ಓ ನನ್ನ ತಾಯ್ನಾಡೇ!’ ಎಂದು ಆರಂಭ. ಮನೆಯಲ್ಲಿ ದಿನಾಲೂ ಸಂಜೆ ಗೋಡೆಗೆ ಮುಖ ಮಾಡಿ ತಾಲೀಮು ನಡೆಸಿದೆ. ಅಪ್ಪ ಭಟ್ಟಿಯಿಂದ ಬಂದವನು ಕೈಕಾಲು ತೊಳೆಯದೆ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದ. “ಧವಳ ಅಂದ್ರೇನೋ?” “ಬಿಳಿ.” “ಹಂಗಾದ್ರ ಬಿಳಿ ಅನ್ನು.” “ಬಿಳಿ ಅಂದ್ರ ಅದು ಭಾಷಣ ಆಗಂಗಿಲ್ಲಪಾ.” ಅಪ್ಪ ಅದನ್ನು ಒಪ್ಪಿದ. ತನಗೆ ತಿಳಿಯದ ಮಾತು ಮಗನ ಬಾಯಿಂದ ಬರುವುದೇ ವಿದ್ಯೆಯ ಗುರುತೆಂದು ಅವನಿಗೆ ಅನಿಸಿತ್ತು. ತನ್ನ ಜೀವನದಲ್ಲಿ ಅವನು ಕೇಳಿದ ಭಾಷಣಗಳನ್ನೆಲ್ಲ ನಿಂತು ಕೇಳಿದ್ದ. ಮುಂದೆ ಕುರ್ಚಿಯಲ್ಲಿ ಕೂತವರ ತಲೆಗಳ ಸಂದಿಯಿಂದ. “ನೀ ಮಾತಾಡಾಕತ್ತಿದಾಗ ಮಂದಿ ಕುರ್ಚಿ ಮ್ಯಾಲ ಕುಂತ ಕೇಳ್ತಾರೇನು?” ಎಂದು ಒಂದು ದಿನ ಕೇಳಿದ. ಹೂಂ ಎಂದೆ. ಆ ಹೂಂ ಎಲ್ಲಿಗೆ ಹೋಗಿ ಮುಟ್ಟಿತೆಂಬುದು ಗೊತ್ತಾದದ್ದು ಹದಿನಾಲ್ಕನೆಯ ತಾರೀಖಿನ ಸಂಜೆ. ಅಪ್ಪ ಇಡೀ ಗಲ್ಲಿಗೆ ಆಮಂತ್ರಣ ಕೊಟ್ಟುಬಿಟ್ಟಿದ್ದ.

“ಅಪ್ಪಾ, ಅದು ಕಚೇರಿ ಕಾರ್ಯಕ್ರಮ! ಹೊರಗಿನವರು ಬರಬಾರದು.”

“ಹೊರಗಿನವರ್ಯಾರು? ದತ್ತೋಬಾ ಹೊರಗಿನಾಂವೇನು?”

“ಸಾಹೇಬರು ಸಿಟ್ಟಾಗ್ತಾರ. ನನ್ನ ನೌಕರಿ ಕಾಯಂ ಆಗಿಲ್ಲ.”

“ಸ್ವಾತಂತ್ರ್ಯ ಬಂದದ್ದು ನಿಮ್ಮ ಸಾಹೇಬಗ ಒಬ್ಬಗಽ ಏನು?” ಎಂದ ಅಪ್ಪ. ದತ್ತೋಬಾ ಕಾಕಾ ಆಚೆ ಕಟ್ಟೆಯಿಂದ, “ನಾ ಅಂತೂ ಬರಾಂವ. ನಾಳಿಗಿ ಸುನಂದಾಂದೂ ಫೈಸಲಾ ಮಾಡಿಬಿಡ್ತೇನಿ” ಎಂದರು.

ಮರುದಿನ ಮುಂಜಾನೆ ಜಿಟಿಜಿಟಿ ಮಳೆ. ನಾನು ಬಿಳಿಯ ಪ್ಯಾಂಟು, ಬಿಳಿಯ ಶರ್ಟು. ನನ್ನ ಹಿಂದೆ ಗಲ್ಲಿ. ಹೆಂಗಸರು ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಗಂಟು ಹಿಡಿದು ಮದುವೆಗೆ ಹೊರಟಂತೆ ಹೊರಟಿದ್ದರು. ಗಂಟಿನಲ್ಲಿ ಏನಿದೆಯೆಂದು ಕೇಳಿದರೆ ಅವ್ವ ನಕ್ಕಳು, ಹೇಳಲಿಲ್ಲ. ಗಾಡಿ ಬಂತು. ಆ ದಿನ ನಿಲ್ಲಲಿಕ್ಕೂ ಜಾಗವಿಲ್ಲ. ಅಪ್ಪ ಒಂದು ಬಾಕಿನ ಮುಂದೆ ಹೋಗಿ, “ಸ್ವಲ್ಪ ಸರೀರಿ, ನನ್ನ ಮಗ ಭಾಷಣಾ ಮಾಡಾಂವ ಅದಾನ” ಎಂದು ನನ್ನನ್ನು ಆ ಜನರ ನಡುವೆ ಬೆಣೆಯಂತೆ ಜಡಿದ. ಒಬ್ಬಾಕೆ ತನ್ನ ಕೂಸನ್ನು, “ಸ್ವಲ್ಪ ಹಿಡೀರಿ, ನೀವು ಶಾಣ್ಯಾರಿದ್ದಂಗ ಕಾಣ್ತೀರಿ” ಎಂದು ನನ್ನ ತೊಡೆಯ ಮೇಲಿಟ್ಟಳು. ಕೂಸಿನ ಕೈಯಲ್ಲಿ ಬೆಲ್ಲದ ಚೂರಿತ್ತು. ಇಂಜಿನಿನ ಮಸಿ ಕಿಟಕಿಯಿಂದ ಬರುತ್ತಿತ್ತು. ಬಿಳಿಯ ಪ್ಯಾಂಟಿನ ಮೇಲೆ ಬೆಲ್ಲ, ಬೆಲ್ಲದ ಮೇಲೆ ಮಸಿ. ನನ್ನ ಧವಳಗಿರಿ ಇದಲಹೊಂಡ ದಾಟುವುದರೊಳಗೆ ಕಪ್ಪಾಯಿತು.

ಅಪ್ಪ ಮಾತ್ರ ನಿಂತಲ್ಲೇ ಡಬ್ಬಿಯ ಜನಕ್ಕೆ ನನ್ನ ಭಾಷಣ ಒಪ್ಪಿಸತೊಡಗಿದ್ದ. ಹೊಸ್ತಿಲಲ್ಲಿ ಕೂತು ಕೇಳಿ ಕೇಳಿ ಅವನಿಗೆ ಪೂರ್ತಿ ಬಾಯಿಪಾಠವಾಗಿತ್ತು. “ಧವಳಗಿರಿ ಅಂದ್ರ ಏನಂತ ತಿಳಿದೀರಿ?” ಎಂದು ನಡುನಡುವೆ ಪರೀಕ್ಷೆಯನ್ನೂ ಮಾಡುತ್ತಿದ್ದ. ಆಗ ಮೂಲೆಯಲ್ಲಿ ನಿಂತಿದ್ದ ಸುನಂದಾ ಕೇಳಿದಳು: “ಅಣ್ಣಾ, ನೀ ಹಿಮಾಲಯ ನೋಡೀಯೇನು?”

“ಇಲ್ಲ.”

“ನೋಡಲಾರದ್ದು ಎಲ್ಲಾದ್ದಕ್ಕಿಂತ ಪ್ರೀತಿ ಹ್ಯಾಂಗ ಆಗ್ತೈತಿ?”

ಕೂಸಿನ ತಾಯಿ ನನ್ನ ರಕ್ಷಣೆಗೆ ಬಂದಳು: “ಯಾಕ ಆಗಬಾರ್ದವಾ? ಲಗ್ನಾ ಆಗೂಮಟಾ ನಾ ಏನ್ ಇವರ ಮುಖಾ ನೋಡಿದ್ನ್ಯಾ?”

“ಅದಕಽ ಹಿಂಗ ಆಗೇತಿ” ಎಂದಿತು ಬಾಗಿಲ ಬಳಿಯಿಂದ ಅವಳ ಗಂಡನ ದನಿ. ಡಬ್ಬಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ಹುಡುಗಿಯ ಪ್ರಶ್ನೆ ಬೆಲ್ಲದಂತೆ ಅಂಟಿಕೊಂಡು ಕೂತಿತು.

ನಮ್ಮ ಕಚೇರಿ ಕ್ಯಾಂಪಿನ ಹಳೆಯ ಬಂಗಲೆಯೊಂದರಲ್ಲಿತ್ತು. ಧ್ವಜ ಏರಿತು, ಒದ್ದೆಯಾಗಿ ಕಂಬಕ್ಕೇ ಅಂಟಿಕೊಂಡಿತು, ನಾವು ಕೊಡೆಯೊಳಗಿನಿಂದಲೇ ವಂದಿಸಿದೆವು. ಆಮೇಲೆ ದೊಡ್ಡ ಹಾಲಿನಲ್ಲಿ ಕಾರ್ಯಕ್ರಮ. ಕಬ್ಬಿಣದ ಮಡಚುವ ಕುರ್ಚಿಗಳು ಸಾಲಾಗಿ, ಸಿಬ್ಬಂದಿಗೆ ಸರಿಯಾಗುವಷ್ಟೇ. ಮುಂದೆ ಸಾಹೇಬರಿಗೆಂದು ಅವರ ಬಂಗಲೆಯಿಂದ ತಂದ ಸೋಫಾ. ಅದರ ನಟ್ಟನಡುವೆ ಸಾಹೇಬರು ಒಬ್ಬರೇ, ನಡುಗಡ್ಡೆಯಂತೆ. ಬಾಯಿ ಮಾಡಿಕೊಂಡು ಒಳಬಂದ ನಮ್ಮ ಗಲ್ಲಿ ಗೋಡೆಗುಂಟ ನಿಂತಿತು. ಸಾಹೇಬರು ಹಿಂತಿರುಗಿ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು. “ಯಾರಪ್ಪ ಇವರೆಲ್ಲ?” ಎಂದು ಕೇಳಿದರು. ಇಮಾಮಸಾಬರು, “ಪಬ್ಲಿಕ್ ಸರ್” ಎಂದರು. ಅಪ್ಪ ಎಲ್ಲರ ಹಿಂದೆ, ಬಾಗಿಲ ಹತ್ತಿರ, ತಲೆಗಳ ಸಂದಿಯಿಂದ ಇಣುಕುತ್ತಿದ್ದ.

ನಾನು ಮೈಕಿನ ಮುಂದೆ ನಿಂತೆ. ಬೆಲ್ಲದ ಕಲೆಯ ಮೇಲೆ ಕೈಯಿಟ್ಟುಕೊಂಡು, “ಧವಳಗಿರಿಶಿಖರಗಳ ಕಿರೀಟವನ್ನು ಧರಿಸಿ” ಎಂದೆ. ಅಷ್ಟರಲ್ಲಿ ದತ್ತೋಬಾ ಕಾಕಾ ಗೋಡೆ ಬಿಟ್ಟು ಬಂದು ನನ್ನ ಎದೆಯ ಮೇಲೆ ಅಂಗೈಯಿಟ್ಟು, “ಥಾಂಬ್ ಜರಾ, ಸ್ವಲ್ಪ ತಡಿ” ಎಂದು ಮೈಕು ಕಸಿದುಕೊಂಡರು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹಳ್ಳಿಯಲ್ಲಿ ನಾಟಕ ನಡೆದಾಗ ಪಾತ್ರಧಾರಿಯ ಮಂದಿ ನಡುವೆಯೇ ಸ್ಟೇಜು ಹತ್ತಿ ಅವನಿಗೆ ಆಹೇರಿ ಮಾಡುತ್ತಾರೆ. ಪಟಕಾ ಸುತ್ತಿ, ಕಾಯಿ ಕೊಟ್ಟು, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ರಾಜ ಸತ್ತ ಮಗನ ಮೇಲೆ ಬಿದ್ದು ಅಳುತ್ತಿದ್ದರೆ ಅಳು ನಿಲ್ಲಿಸಿ ಪಟಕಾ ಸುತ್ತಿಸಿಕೊಂಡು ಮತ್ತೆ ಅಳುತ್ತಾನೆ. ಹೆಣದ ಬೀಗರು ಬಂದಿದ್ದರೆ ಹೆಣವೂ ಎದ್ದು ಕೂತು ಕಾಯಿ ಇಸಿದುಕೊಂಡು ಮಲಗುತ್ತದೆ. ನಮ್ಮ ಗಲ್ಲಿಗೆ ಮೈಕು ಗೊತ್ತಿದ್ದದ್ದು ಇದಕ್ಕೇ. ಮೈಕಿನ ಮುಂದೆ ನಮ್ಮವನೊಬ್ಬ ನಿಂತ ಮೇಲೆ ಆಹೇರಿ ಮಾಡದೆ ಇರುವುದು ಅವನಿಗೆ ಅವಮಾನ. ಗಂಟಿನ ಗುಟ್ಟು ಈಗ ಬಿಚ್ಚಿತು.

“ಖಾನಾಪುರದ ನಮ್ಮ ಗಲ್ಲಿ ವತಿಯಿಂದ, ಬಾಳಪ್ಪನ ಚಿರಂಜೀವಗ, ಒಂದು ಜರಿ ಪಟಕಾ!” ಕಾಕಾ ನನ್ನ ತಲೆಗೆ ಪಟಕಾ ಸುತ್ತಿದರು. ಗಲ್ಲಿ ಚಪ್ಪಾಳೆ ಹೊಡೆಯಿತು. ನಾನು ಮೈಕಿಗೆ ಬಾಗಿ, “ಧವಳಗಿರಿಶಿಖರಗಳ” ಎಂದೆ. “ಥಾಂಬಾ! ಹುಡುಗನ ಸೋದರಮಾವನ ಕಡೆಯಿಂದ ಹೆಗಲಿಗೆ ಒಂದು ಉಪರಣಿ, ಒಂದು ಕಾಯಿ!” ಮಿರಜಿನಲ್ಲಿ ಹೊಟ್ಟೆ ಕೊಯ್ಸಿಕೊಂಡ ಅದೇ ಮಾವ. “ಧವಳ” ಎಂದೆ. “ಓಣಿ ಹೆಣ್ಮಕ್ಕಳಿಂದ ಒಂದು ಕುಬಸದ ಖಣಾ, ಮುಂದ ಬರೂ ಸೊಸಿಗೆ!” ಈಗ ಕಚೇರಿಯವರಿಗೂ ಸೋಂಕು ತಗಲಿತು. ಅವರೆಲ್ಲ ಇದೇ ಸೀಮೆಯವರಲ್ಲವೆ? ಇಮಾಮಸಾಬರು ಸಾಹೇಬರ ಮೇಜಿನ ಮೇಲಿದ್ದ ಹಾರವನ್ನೇ ಎತ್ತಿ ತಂದು, “ದೇಸೂರದವ್ರ ಕಡೆಯಿಂದ” ಎಂದು ನನ್ನ ಕೊರಳಿಗೆ ಹಾಕಿದರು. ಅದು ಸಾಹೇಬರಿಗೆ ಹಾಕಬೇಕಾದ ಹಾರ. ನನ್ನ ದೇಶಮಾತೆ ಕಿರೀಟ ಧರಿಸಲಿಲ್ಲ. ಎಲ್ಲವನ್ನೂ ನಾನೇ ಧರಿಸಿ ನಿಂತಿದ್ದೆ.

ಸಾಹೇಬರು ಗಡಿಯಾರ ನೋಡಿದರು. ಅವರ ಕಿವಿ ಕೆಂಪಾಗಿತ್ತು. ನನ್ನ ನೌಕರಿ ಕಣ್ಣೆದುರೇ ಹೊರಟು ನಿಂತ ಗಾಡಿಯಂತೆ ಕಂಡಿತು. ಸುನಂದಾ ಕಿಟಕಿಯ ಸರಳು ಹಿಡಿದು ನೆಲ ನೋಡುತ್ತಿದ್ದಳು. ಆಹೇರಿ ಮುಗಿಸಿದ ದತ್ತೋಬಾ ಕಾಕಾ ಇನ್ನು ಭಾಷಣ ಕೇಳಬೇಕೆಂದು ಜಾಗ ಹುಡುಕಿದರು. ಮುಂದಿನ ಸಾಲಿನ ಹೆಡ್‌ಕ್ಲಾರ್ಕರ ಮುಂದೆ ನಿಂತು, “ಸ್ವಲ್ಪ ಸರೀರಿ” ಎಂದರು. ಹೆಡ್‌ಕ್ಲಾರ್ಕು ಕೂತದ್ದು ಒಂಟಿ ಕುರ್ಚಿಯಲ್ಲಿ. ಸರಿಯಲಿಕ್ಕೆ ಜಾಗವೆಲ್ಲಿ? ಆದರೆ ಅವರೂ ಪ್ಯಾಸೆಂಜರಿನ ಮನುಷ್ಯ. ಸೊಂಟ ಯೋಚನೆ ಮಾಡುವುದಿಲ್ಲ. ಸರಿದರು. ಅರ್ಧ ಕುರ್ಚಿ ತೆರವಾಯಿತು, ಕಾಕಾ ಕೂತರು. ಅದನ್ನು ನೋಡಿ ಗಲ್ಲಿಯೆಲ್ಲ ಗೋಡೆ ಬಿಟ್ಟು ಬಂತು. ‘ಸರೀರಿ’, ‘ಸರ್ಕಾ’, ‘ಸರ್ಕೋ’ ಎಂಬ ಸದ್ದು ಹಾಲಿನ ತುಂಬ. ಮಡಚುವ ಕುರ್ಚಿಗಳು ಕಿರುಗುಟ್ಟಿದವು. ಒಂದೊಂದರ ಮೇಲೆ ಇಬ್ಬಿಬ್ಬರು. ಉಳಿದವನು ಅಪ್ಪನೊಬ್ಬ.

ಅಪ್ಪ ಬಾಗಿಲಿನಿಂದ ನಡೆದು ಬಂದ. ಎಲ್ಲಿಯೂ ಜಾಗವಿಲ್ಲ, ಸೋಫಾ ಒಂದನ್ನು ಬಿಟ್ಟು. ನಾನು ಮೈಕಿನ ಹಿಂದಿನಿಂದ ಕಣ್ಣಿನಲ್ಲೇ ಬೇಡ ಬೇಡವೆಂದೆ. ಅವನಿಗೆ ಕಂಡಿದ್ದು ಪಟಕಾ ಮಾತ್ರ. ಸೋಫಾದ ಮುಂದೆ ನಿಂತು, ಕೆಂಪು ಅಂಗೈಯನ್ನು ಜಾಡಿಸಿಕೊಂಡು, ಅಪ್ಪ ಅಂದ: “ಸ್ವಲ್ಪ ಸರೀರಿ.”

ಸಾಹೇಬರು ತಲೆಯೆತ್ತಿದರು. ತಲೆಯೆತ್ತಿದ್ದು ಆಮೇಲೆ; ಅದಕ್ಕಿಂತ ಮೊದಲೇ ಅವರು ಸರಿದಿದ್ದರು. ತಾವು ಸರಿದದ್ದು ತಮಗೇ ಆಮೇಲೆ ತಿಳಿದಂತೆ ಒಂದು ಗಳಿಗೆ ಸೋಫಾ ನೋಡಿದರು, ನಂತರ ಅಪ್ಪನನ್ನು. “ಕೂತ್ಕೊಳ್ಳಿ, ಕೂತ್ಕೊಳ್ಳಿ” ಎಂದರು. ಅಪ್ಪ ಕೂತ. ಕೂತವನೇ ವಾಡಿಕೆಯಂತೆ ಕೇಳಿದ: “ಯಾವೂರ್ರಿ ನಿಮ್ದು?”

ನನ್ನ ತಲೆಯಲ್ಲಿದ್ದ ಹಿಮಾಲಯ ಆಗ ಕುಸಿಯಿತು. ಮುಂದಿನ ಒಂದು ಶಬ್ದವೂ ನೆನಪಿಗೆ ಬರಲಿಲ್ಲ. ಬೆವರು ಒಡೆದದ್ದು ಆವಾಗಲೇ. ಬಾಯಿಗೆ ಬಂದದ್ದನ್ನು ಹೇಳಿದೆ. “ನಾನು ಹಿಮಾಲಯ ನೋಡಿಲ್ಲರೀ. ಹೋಗಿ ನೋಡಬೇಕಂತ ಆಸೆ ಐತಿ. ಆದ್ರ ನಮ್ಮ ದೇಶದಾಗ ನನಗ ಭಾಳ ಪ್ರೀತಿದ್ದು ಯಾವುದು ಅಂದ್ರ, ಈಗ ನಿಮ್ಮ ಕಣ್ಣ ಮುಂದ ಆತಲ್ಲ, ಅದು. ಸ್ವಲ್ಪ ಸರೀರಿ ಅಂದ್ರ ಯಾರು, ಯಾವ ಮಂದಿ, ಏನ ಓದೀರಿ ಅಂತ ಕೇಳದ ಸರಿದು ಜಾಗಾ ಕೊಡ್ತೀವಿ. ಜಾಗಾ ಕೊಟ್ಟ ಮ್ಯಾಲ ಬೇಕಾದ್ರ ಕೇಳ್ತೀವಿ. ಈ ಹಾಲಿನ್ಯಾಗ ಕುರ್ಚಿ ಕಡಿಮಿ ಅದಾವ, ನಿಂತಾವ್ರು ಯಾರೂ ಇಲ್ಲ. ಇಷ್ಟಽ ರೀ.” ಎಂದವನೇ ‘ಜೈ ಹಿಂದ್’ ಅನ್ನುವುದನ್ನೂ ಮರೆತು ಮೈಕು ಬಿಟ್ಟು ಬಂದೆ. ಚಪ್ಪಾಳೆ ಬಿತ್ತು. ಚಪ್ಪಾಳೆಯ ಭರಕ್ಕೆ ಹೆಡ್‌ಕ್ಲಾರ್ಕರ ಕುರ್ಚಿ ಮಡಚಿಕೊಂಡು ಇಬ್ಬರೂ ನೆಲಕ್ಕೆ ಬಿದ್ದರು.

ಸಾಹೇಬರು ಕೈಕುಲುಕಿ, “ಚಿಕ್ಕದಾಗಿತ್ತು, ಚೆನ್ನಾಗಿತ್ತು. ಹಾರ ಮಾತ್ರ ನನ್ನದು” ಎಂದರು. ಮುಂದೆ ನನ್ನ ನೌಕರಿ ಕಾಯಂ ಆಯಿತು. ಅದು ನನ್ನ ಭಾಷಣದಿಂದ ಆದದ್ದೆಂದು ನಾನು ತಿಳಿದಿದ್ದೇನೆ. ಅಂದು ತಾನು ಸಾಹೇಬರ ಬಂಗಲೆಗೆ ಹೋಗಿ ಅವರ ಹೆಂಡತಿಗೆ ಉಡಿ ತುಂಬಿದ್ದರಿಂದ ಆದದ್ದೆಂದು ಅವ್ವ ತಿಳಿದಿದ್ದಾಳೆ. ಸಾಹೇಬರನ್ನು ಕೇಳುವ ಧೈರ್ಯ ಇಬ್ಬರಿಗೂ ಇಲ್ಲ.

ಸಂಜೆಯ ಗಾಡಿಗೆ ಮರಳಿ ಹೊರಟಾಗ ಅಪ್ಪನ ಮುಖ ಸಪ್ಪಗಿತ್ತು. ಕುರ್ಚಿಯಲ್ಲಲ್ಲ, ಸೋಫಾದ ಮೇಲೆಯೇ ಕೂತು ಮಗನ ಭಾಷಣ ಕೇಳಿದವನು ಹಿಗ್ಗಬೇಡವೆ? “ಹಿಮಾಲಯ ಯಾಕ ಬಿಟ್ಟಿಯೋ?” ಎಂದ. “ಎಷ್ಟ ಛಂದ ಇತ್ತು. ಸರೀರಿ ಅನ್ನೂದು ಬಿಯ್ಯೆ ಆದಾಂವ ಹೇಳೂ ಮಾತೇನು? ಅದನ್ನ ದತ್ತೋಬಾನೂ ಹೇಳ್ತಾನ.” ನನಗೆ ತಲೆ ಎತ್ತಲಾಗಲಿಲ್ಲ. ನಾನು ಬಿ.ಎ.ಯ ಮಾನ ಕಳೆದೆ, ಆ ಹುಡುಗಿಯ ಕಾಲೇಜನ್ನೂ ಕಳೆದೆ ಅಂದುಕೊಂಡೆ. ಆಗ ದತ್ತೋಬಾ ಕಾಕಾ ಎಲೆಗೆ ಸುಣ್ಣ ಸವರುತ್ತ ಅಂದರು: “ಬಾಳಪ್ಪಾ, ಅದಕಽ ನಾ ಫೈಸಲಾ ಮಾಡೀನಿ. ಕಾಲೇಜಿಗೆ ಹೋದ್ರ ಹುಡುಗೀ ಮಾತ ನಮಗ ತಿಳೀದಂಗ ಆಗ್ತೈತಿ ಅಂತ ನನಗ ಹೆದರಿಕಿ ಇತ್ತು. ನಿನ್ನ ಮಗ ಇಷ್ಟ ಓದ್ಯಾನ, ಕಡೀಕ ನನ್ನಂಗಽ ಮಾತಾಡಿದ. ಓದಿದ್ರ ಏನೂ ಕೆಡಂಗಿಲ್ಲ. ಸುನಂದಾ ಹೋಗ್ಲಿ.” ಅಪ್ಪನಿಗೆ ಇದು ಹೊಗಳಿಕೆಯೋ ಬೈಗಳೋ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಅಪ್ಪ ನನ್ನ ತಲೆಯ ಪಟಕಾ ತೆಗೆದು ತಾನು ಸುತ್ತಿಕೊಂಡು, ಉಳಿದುಹೋಗಿದ್ದ ಹಿಮಾಲಯವನ್ನು ಡಬ್ಬಿಯ ಜನಕ್ಕೆ ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದ. ಅವನಿಗೆ ನನಗಿಂತ ಹೆಚ್ಚು ಚಪ್ಪಾಳೆ ಬಿತ್ತು.

ಮುಂದಿನ ವರ್ಷದ ಮಾತು. ಕಾಲೇಜು ಸುರುವಾಗಿತ್ತು. ಒಂದು ದಿನ ಅದೃಷ್ಟವಶಾತ್ ಮುಂಜಾನೆಯ ಗಾಡಿಯಲ್ಲಿ ನನಗೆ ಕಿಟಕಿಯ ಮೂಲೆ ಸಿಕ್ಕಿತು. ಗೋಡೆಗೆ ಒರಗಿದರೆ ಯಾರೂ ಸರಿಸಲಾಗದ ಮೂಲೆ. ಹೊಸ ಪ್ಯಾಂಟು, ಆಗಷ್ಟೇ ಇಸ್ತ್ರಿ ಮಾಡಿಸಿದ್ದು. ಗೆರೆಯನ್ನು ಎರಡು ಬೆರಳಿನಿಂದ ನೇರ ಮಾಡಿ ಕೂತೆ. ಹೆಂಗಸರ ಡಬ್ಬಿ ತುಂಬಿತ್ತೋ ಏನೋ, ಎದೆಗೆ ಪುಸ್ತಕ ಅವಚಿಕೊಂಡು ಸುನಂದಾ ನಮ್ಮ ಡಬ್ಬಿ ಹತ್ತುವುದು ಕಂಡಿತು. ನಾನು ತಟ್ಟನೆ ಕಣ್ಣು ಮುಚ್ಚಿದೆ. ಸಣ್ಣಗೆ ಗೊರಕೆಯನ್ನೂ ಸೇರಿಸಿದೆ. ಹೆಜ್ಜೆ ಬಂದು ನನ್ನೆದುರು ನಿಂತಿತು.

“ಅಣ್ಣಾ, ಸ್ವಲ್ಪ ಸರೀ.”

ಗೊರಕೆ ಜೋರು ಮಾಡಿದೆ.

“ಕಣ್ಣ ಮುಚ್ಚಿದ್ರ ಏನಾತು? ಆವತ್ತ ಭಾಷಣಾ ನಾನೂ ಕೇಳೀನಿ” ಎಂದಳು.

ಡಬ್ಬಿಯೆಲ್ಲ ನನ್ನತ್ತ ತಿರುಗಿತು. ಸರಿದೆ. ಗೆರೆ ಅಲ್ಲಿಗೆ ಮುಗಿಯಿತು. ಕೂತ ಮೇಲೆ ಅವಳು ಪುಸ್ತಕ ಬಿಚ್ಚಿಕೊಂಡು ಓದತೊಡಗಿದಳು. ನಾನು ಮುದ್ದೆಯಾದ ಮೊಣಕಾಲು ನೋಡಿಕೊಳ್ಳುತ್ತ ಕಿಟಕಿಯಾಚೆ ಮುಖ ಮಾಡಿದೆ. ಹಿಮಾಲಯವನ್ನೇ ಹೊಗಳಿದ್ದರೆ ಎಷ್ಟು ಸುಖವಿತ್ತು, ಅದು ಇದ್ದಲ್ಲಿಂದ ಸರಿಯುವುದೂ ಇಲ್ಲ, ಸರಿ ಎಂದು ಯಾರನ್ನೂ ಕೇಳುವುದೂ ಇಲ್ಲ.